ಯಾರ ಸಂಕೋಲೆ ಹಗುರ?

ಬ್ರಿಟಿಷರ ಗುಲಾಮ ವ್ಯಾಪಾರದ ಬಗ್ಗೆ ಯಾರಾದರೂ ಎರಡು ಪುಟ ಬರೆದರೆ ಸಾಕು, ಮೂರನೆಯ ಪುಟಕ್ಕೆ ಮುಂಚೆಯೇ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ‘ಅರಬರು ಮಾಡಿದ್ದನ್ನು ಯಾಕೆ ಹೇಳುವುದಿಲ್ಲ?’ ಅರಬರ ಗುಲಾಮ ವ್ಯಾಪಾರದ ಬಗ್ಗೆ ಬರೆದರೆ ಇನ್ನೊಂದು ಕಡೆಯಿಂದ ಅಷ್ಟೇ ಬೇಗ ಉತ್ತರ ಬರುತ್ತದೆ: ‘ಅದು ಬೇರೆ ತರಹದ್ದು, ಮನೆಯಾಳು ಇದ್ದ ಹಾಗೆ. ಬಿಳಿಯರು ಮಾಡಿದ್ದಕ್ಕೆ ಹೋಲಿಸಬೇಡಿ.’ ಕನ್ನಡದಲ್ಲಿ ಈ ಜಗಳ ನಡೆಯುವಾಗ ಅದರ ನಿಜವಾದ ವಿಷಯ ಆಫ್ರಿಕಾ ಆಗಿರುವುದು ಅಪರೂಪ. ನಮ್ಮೂರಿನ ಹಿಂದೂ-ಮುಸ್ಲಿಂ ತಕರಾರಿಗೋ, ಎಡ-ಬಲದ ಹಳೆಯ ಬಾಕಿ ಚುಕ್ತಾ ಮಾಡುವುದಕ್ಕೋ ಆಫ್ರಿಕಾದ ಜನರನ್ನು ಸಾಕ್ಷಿಗೆಂದು ಎಳೆದು ತರುತ್ತೇವೆ. ಅವರು ಬಾಯಿ ತೆರೆಯುವ ಮೊದಲೇ ತೀರ್ಪು ಓದುತ್ತೇವೆ.

ಹೋಲಿಕೆಯೇ ತಪ್ಪು ಎಂಬುದು ನನ್ನ ವಾದವಲ್ಲ. ಹೋಲಿಸದೆ ಇತಿಹಾಸ ಅರ್ಥವಾಗುವುದಿಲ್ಲ. ಹೋಲಿಕೆಯನ್ನು ಜಾಮೀನು ಅರ್ಜಿಯ ಹಾಗೆ ಬಳಸುವುದರ ಬಗ್ಗೆ ನನ್ನ ಆಕ್ಷೇಪ. ಒಬ್ಬನ ಅಪರಾಧವನ್ನು ತೋರಿಸಿ ಇನ್ನೊಬ್ಬನನ್ನು ಬಿಡಿಸಿಕೊಳ್ಳುವ ಈ ವಾದ ನಿಲ್ಲಬೇಕಾದರೆ ಎರಡು ಚರಿತ್ರೆಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ನಡೆದಿರಬೇಕು. ಅವು ಹಾಗೆ ನಡೆಯಲಿಲ್ಲ. ಅದನ್ನು ತೋರಿಸಲು ನಾನು ಆರಿಸಿಕೊಳ್ಳುವ ಜಾಗ ಜಾಂಜಿಬಾರ್, ಪೂರ್ವ ಆಫ್ರಿಕಾದ ಕರಾವಳಿಗೆ ಹತ್ತಿರದ ಪುಟ್ಟ ದ್ವೀಪ. ಹತ್ತೊಂಬತ್ತನೆಯ ಶತಮಾನದಲ್ಲಿ ಅರಬ್ ಸುಲ್ತಾನರು, ಬ್ರಿಟಿಷ್ ಕಾನ್ಸಲರು ಮತ್ತು ಭಾರತದ ಸಾಹುಕಾರರು ಒಂದೇ ಬೀದಿಯಲ್ಲಿ ವ್ಯವಹಾರ ಮಾಡಿದ ಊರು ಅದು. ಮೂರನೆಯವರ ಹೆಸರನ್ನು ಈ ಜಗಳದಲ್ಲಿ ಯಾರೂ ಎತ್ತುವುದಿಲ್ಲ.

ಅಲ್ಲಿಗೆ ಹೋಗುವ ಮುಂಚೆ ಅಂಕಿಗಳ ಮಾತು ಮುಗಿಸೋಣ, ಏಕೆಂದರೆ ಜಗಳ ಶುರುವಾಗುವುದೇ ಅಲ್ಲಿಂದ. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದ ಆಫ್ರಿಕನ್ನರು ಸುಮಾರು 1.25 ಕೋಟಿ. ಜೀವಂತ ದಡ ಸೇರಿದವರು ಸುಮಾರು 1.07 ಕೋಟಿ. ಇವರಲ್ಲಿ 30 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿದ್ದು ಬ್ರಿಟಿಷ್ ಹಡಗುಗಳು. ಸಹರಾ ಮರುಭೂಮಿ, ಕೆಂಪು ಸಮುದ್ರ, ಹಿಂದೂ ಮಹಾಸಾಗರಗಳ ದಾರಿಯಲ್ಲಿ ಏಳನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗೆ ಒಯ್ದವರ ಸಂಖ್ಯೆಯನ್ನು ಇತಿಹಾಸಕಾರರು 1 ಕೋಟಿಯಿಂದ 1.7 ಕೋಟಿಯವರೆಗೆ ಅಂದಾಜು ಮಾಡಿದ್ದಾರೆ. ಹದಿನೇಳು ಹನ್ನೆರಡಕ್ಕಿಂತ ದೊಡ್ಡದು ಎಂದು ಒಬ್ಬರು ಗೆಲ್ಲುತ್ತಾರೆ. ಸಾವಿರದ ಮುನ್ನೂರು ವರ್ಷದ ಲೆಕ್ಕವನ್ನು ಮುನ್ನೂರೈವತ್ತು ವರ್ಷದ ಲೆಕ್ಕದ ಪಕ್ಕ ಇಡುತ್ತೀರಾ ಎಂದು ಇನ್ನೊಬ್ಬರು ಗೆಲ್ಲುತ್ತಾರೆ.

ಈ ಎರಡು ಅಂಕಿಗಳು ಒಂದೇ ಜಾತಿಯವಲ್ಲ ಎಂಬುದನ್ನು ಇಬ್ಬರೂ ಗಮನಿಸುವುದಿಲ್ಲ. ಅಟ್ಲಾಂಟಿಕ್‌ನ ಲೆಕ್ಕ ಸಾವಿರಾರು ಹಡಗುಗಳ ಕಡತಗಳಿಂದ ಬಂದದ್ದು. ಇನ್ನೊಂದು, ಪ್ರವಾಸಿಗಳ ಬರಹ, ಸುಂಕದ ಚೂರುಪಾರು ದಾಖಲೆಗಳಿಂದ ಜೋಡಿಸಿಕೊಂಡ ಊಹೆ. ಹಡಗಿನ ಕಡತಗಳು ಅಷ್ಟು ಅಚ್ಚುಕಟ್ಟಾಗಿರಲು ಕಾರಣವೇನೆಂದರೆ ಅಲ್ಲಿ ಮನುಷ್ಯರಿಗೆ ವಿಮೆ ಮಾಡಿಸುತ್ತಿದ್ದರು. 1781ರಲ್ಲಿ ಝಾಂಗ್ ಎಂಬ ಬ್ರಿಟಿಷ್ ಹಡಗಿನವರು 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಆಮೇಲೆ ಹಡಗಿನ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆಯ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದದ್ದು ವಿಮೆಯ ವ್ಯಾಜ್ಯ, ಕೊಲೆಯ ಮೊಕದ್ದಮೆಯಲ್ಲ. ಸಹರಾದ ಮರಳಿನಲ್ಲಿ ಬಾಯಾರಿ ಸತ್ತವರಿಗೆ ವಿಮೆ ಇರಲಿಲ್ಲ, ಹಾಗಾಗಿ ಅವರ ಎಣಿಕೆಯೂ ಇಲ್ಲ. ಲೆಕ್ಕ ಬರೆದಿಟ್ಟವನ ಪಾಪ ದೊಡ್ಡದಾಗಿ ಕಾಣುವುದು, ಲೆಕ್ಕ ಬರೆಯದವನ ಪಾಪ ಬೇಕೆಂದಷ್ಟು ಹಿಗ್ಗುವುದು ಇಲ್ಲವೇ ಕುಗ್ಗುವುದು ಎರಡೂ ಇದರಿಂದಲೇ.

ಈಗ ‘ಮನೆಯಾಳಿನಂಥ ಗುಲಾಮಗಿರಿ’ ಎಂಬ ವಾದಕ್ಕೆ ಬರೋಣ. ಇದನ್ನು ಮೊದಲು ಹೇಳಿದವರು ಇಂದಿನ ಉದಾರವಾದಿಗಳಲ್ಲ. ಜಾಂಜಿಬಾರಿನ ಸುಲ್ತಾನ ಸಯ್ಯಿದ್ ಸಯೀದನ ಮಗಳು ಸಾಲ್ಮೆ ಜರ್ಮನ್ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ಹ್ಯಾಂಬರ್ಗಿನಲ್ಲಿ ನೆಲೆಸಿ, ಎಮಿಲಿ ರೂಟೆ ಎಂಬ ಹೆಸರಿನಲ್ಲಿ 1886ರಲ್ಲಿ ಆತ್ಮಕಥೆ ಪ್ರಕಟಿಸಿದಳು. ಯುರೋಪಿನವರ ಬೂಟಾಟಿಕೆಯನ್ನು ಅದರಲ್ಲಿ ಚೆನ್ನಾಗಿಯೇ ಬಯಲಿಗೆಳೆದಳು. ಅದೇ ಉಸಿರಿನಲ್ಲಿ ಅರಬರ ಮನೆಗಳ ಗುಲಾಮರು ಅಷ್ಟೇನೂ ಕಷ್ಟದಲ್ಲಿಲ್ಲ ಎಂದು ವಾದಿಸಿದಳು. ಆದರೆ ಅವಳ ತಾಯಿ ಯಾರು? ಕಾಕಸಸ್ ಪರ್ವತದ ಸರ್ಕೇಸಿಯನ್ ಹೆಣ್ಣು. ತಂದೆತಾಯಿಯನ್ನು ಯುದ್ಧದಲ್ಲಿ ಕಳೆದುಕೊಂಡು, ಬಾಲ್ಯದಲ್ಲೇ ಅಪಹರಣವಾಗಿ ಸುಲ್ತಾನನ ಅರಮನೆ ಸೇರಿದವಳು. ಮಗಳು ರಾಜಕುಮಾರಿ, ತಾಯಿ ಕೊಂಡು ತಂದ ದಾಸಿ. ಗುಲಾಮಗಿರಿ ಮೃದುವಾಗಿತ್ತು ಎನ್ನುವ ಸಾಕ್ಷಿ ನಮಗೆ ಸಿಗುವುದು ಮಗಳಿಂದ. ತಾಯಿಯ ಹೇಳಿಕೆ ಎಲ್ಲೂ ಸಿಗುವುದಿಲ್ಲ.

ವ್ಯತ್ಯಾಸಗಳು ಇದ್ದವು, ನಿಜ. ಇಸ್ಲಾಮಿನ ಶಾಸ್ತ್ರದ ಪ್ರಕಾರ ಒಡೆಯನು ತನ್ನದೆಂದು ಒಪ್ಪಿಕೊಂಡ ದಾಸಿಯ ಮಗು ಸ್ವತಂತ್ರ. ಆ ತಾಯಿಯನ್ನು ಮಾರುವಂತಿಲ್ಲ, ಒಡೆಯ ಸತ್ತಾಗ ಅವಳೂ ಸ್ವತಂತ್ರಳು. ಬ್ರಿಟಿಷರ ವರ್ಜೀನಿಯಾದಲ್ಲಿ 1662ರ ಕಾನೂನು ಇದಕ್ಕೆ ತದ್ವಿರುದ್ಧ: ತಾಯಿ ಗುಲಾಮಳಾದರೆ, ತಂದೆ ಬಿಳಿಯ ಒಡೆಯನೇ ಆಗಿದ್ದರೂ ಮಗು ಗುಲಾಮ. ಹುಟ್ಟಿನಿಂದ, ಬಣ್ಣದಿಂದ, ತಲೆಮಾರಿನಿಂದ ತಲೆಮಾರಿಗೆ ಮುಂದುವರಿಯುವ ಗುಲಾಮಗಿರಿಯನ್ನು ಬ್ರಿಟಿಷ್ ವಸಾಹತುಗಳು ಹೀಗೆ ಕಾನೂನಿನ ಯಂತ್ರವನ್ನಾಗಿ ಮಾಡಿದವು. ಅರಬ್ ಜಗತ್ತಿನಲ್ಲಿ ಗುಲಾಮ ಸೈನಿಕರ ವಂಶವೇ ಈಜಿಪ್ಟನ್ನು 1250ರಿಂದ 1517ರವರೆಗೆ ಆಳಿತು. ಜಮೈಕಾದಲ್ಲಿ ಅಂಥದ್ದನ್ನು ಊಹಿಸಲೂ ಆಗದು.

ಆದರೆ ಈ ವ್ಯತ್ಯಾಸದಿಂದ ಏನು ಸಾಬೀತಾಗುತ್ತದೆ? ಸುಲ್ತಾನನ ದಾಸಿಯ ಮಗ ಸುಲ್ತಾನನಾಗಬಹುದಿತ್ತು, ಲವಂಗದ ತೋಟದ ಆಳಿನ ಮಗ ಆಗಲಾರದವನಾಗಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾಂಜಿಬಾರ್ ಮತ್ತು ಪೆಂಬಾ ದ್ವೀಪಗಳು ಜಗತ್ತಿಗೇ ಲವಂಗ ಒದಗಿಸುವ ತೋಟಗಳಾದವು. ಮರದಿಂದ ಮೊಗ್ಗು ಬಿಡಿಸಲು, ಒಣಗಿಸಲು ಒಳನಾಡಿನಿಂದ ಹಿಡಿದು ತಂದ ಸಾವಿರಾರು ಜನ ಬೇಕಾದರು. ಇದು ಮನೆಯಾಳುಗಳ ಗುಲಾಮಗಿರಿಯಲ್ಲ, ತೋಟದ ಗುಲಾಮಗಿರಿ, ಕೆರಿಬಿಯನ್ನಿನ ಸಕ್ಕರೆಯ ದಾಯಾದಿ. ಹೊಸದೂ ಅಲ್ಲ. 869ರಲ್ಲಿ ಬಸ್ರಾದ ಬಳಿಯ ಜೌಗು ನೆಲದಲ್ಲಿ ಉಪ್ಪು ಕೆರೆದು ಬೇಸಾಯಕ್ಕೆ ಅಣಿಮಾಡುತ್ತಿದ್ದ ಗುಲಾಮರು ದಂಗೆಯೆದ್ದು, ಹದಿನಾಲ್ಕು ವರ್ಷ ಖಲೀಫರ ಸೈನ್ಯವನ್ನು ಎದುರಿಸಿ ನಿಂತರು. ಸುಖವಾಗಿದ್ದವರು ಹದಿನಾಲ್ಕು ವರ್ಷ ಯುದ್ಧ ಮಾಡುವುದಿಲ್ಲ.

ಇನ್ನೊಂದು ಮಾತೂ ಕೇಳಿಬರುತ್ತದೆ: ಅರಬರು, ಅದರಲ್ಲೂ ಓಮಾನಿನವರು, ಆಫ್ರಿಕಾದಲ್ಲೇ ನೆಲೆಸಿದರು, ಸ್ವಾಹಿಲಿ ಕಲಿತರು, ರಾಜಧಾನಿಯನ್ನೇ ಮಸ್ಕತ್ತಿನಿಂದ ಜಾಂಜಿಬಾರಿಗೆ ತಂದರು, ಹಾಗಾಗಿ ಅದು ವಸಾಹತುಶಾಹಿಯಲ್ಲ. ಇದೇ ತರ್ಕ ನಮಗೆ ಭಾರತದ ಇತಿಹಾಸದ ಚರ್ಚೆಗಳಲ್ಲೂ ಪರಿಚಿತ. ಸಂಪತ್ತು ಲಂಡನ್ನಿಗೆ ಹರಿಯುವುದಕ್ಕೂ ಅದೇ ಊರಿನ ಅರಮನೆಯಲ್ಲಿ ಖರ್ಚಾಗುವುದಕ್ಕೂ ವ್ಯತ್ಯಾಸವಿದೆ, ಅದನ್ನು ಅರ್ಥಶಾಸ್ತ್ರ ಓದುವವರು ಗುರುತಿಸಲೇಬೇಕು. ಆದರೆ ನೆಲೆಸುವುದು ಎಂದರೆ ಯಾರದೋ ನೆಲದಲ್ಲಿ ನೆಲೆಸುವುದು. ದ್ವೀಪದ ಫಲವತ್ತಾದ ಪಶ್ಚಿಮ ಭಾಗ ಅರಬ್ ತೋಟದೊಡೆಯರ ಕೈಸೇರಿದ್ದು ಈ ನೆಲೆಸುವಿಕೆಯಲ್ಲೇ. ಒಡೆಯ ಪಕ್ಕದ ಮನೆಯಲ್ಲಿದ್ದರೆ ಆಳಿಗೆ ಸಮಾಧಾನವಾಗುತ್ತದೆ ಎಂದು ನಂಬಲು, ಗೌಡರ ಮನೆಯ ಜೀತವನ್ನು ಕಂಡ ನಾಡಿನವರಾದ ನಮಗೆ ಯಾವ ಕಾರಣವೂ ಇಲ್ಲ.

ಇನ್ನು ಎದುರು ಪಕ್ಷ. ‘ಏನೇ ಹೇಳಿ, ಗುಲಾಮಗಿರಿಯನ್ನು ನಿಲ್ಲಿಸಿದ್ದು ಬ್ರಿಟಿಷರು’ ಎಂಬ ವಾದ. ಜಾಂಜಿಬಾರಿನಲ್ಲಿ ಈ ವಾದಕ್ಕೆ ಕಲ್ಲಿನ ರೂಪವೇ ಇದೆ. 1873ರಲ್ಲಿ, ಮುಂಬಯಿಯ ಗವರ್ನರ್ ಆಗಿದ್ದ ಬಾರ್ಟಲ್ ಫ್ರೆರ್ ಹಾಗೂ ಕಾನ್ಸಲ್ ಜಾನ್ ಕರ್ಕ್ ಅವರ ಒತ್ತಡ ಮತ್ತು ನೌಕಾಪಡೆಯ ಬೆದರಿಕೆಗೆ ಮಣಿದು ಸುಲ್ತಾನ ಬರ್ಗಾಶ್ ಗುಲಾಮರ ಸಂತೆಯನ್ನು ಮುಚ್ಚಿದ. ಆ ಸಂತೆಯ ಜಾಗದಲ್ಲೇ ಆಂಗ್ಲಿಕನ್ ಚರ್ಚು ಎದ್ದಿತು. ಅರಬರು ಮಾರಿದರು, ಆಂಗ್ಲರು ಬಿಡಿಸಿದರು: ಕಟ್ಟಡ ಹೇಳುವ ಕಥೆ ಇಷ್ಟು.

ಕಟ್ಟಡ ಹೇಳದ ಕಥೆ ಹೀಗಿದೆ. ಬ್ರಿಟನ್ 1807ರಲ್ಲಿ ಗುಲಾಮ ವ್ಯಾಪಾರವನ್ನು ನಿಷೇಧಿಸಿದ್ದು ಸುಮಾರು ಎರಡೂವರೆ ಶತಮಾನ ಅದರಲ್ಲಿ ತೊಡಗಿದ ಮೇಲೆ. 1833ರ ವಿಮೋಚನಾ ಕಾಯಿದೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಅದು ಆ ಕಾಲದ ಸರ್ಕಾರದ ವಾರ್ಷಿಕ ಖರ್ಚಿನ ಸುಮಾರು 40 ಶೇಕಡಾ. ಕೊಟ್ಟದ್ದು ಒಡೆಯರಿಗೆ. ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ, ಮೇಲಾಗಿ 1838ರವರೆಗೆ ‘ಕಲಿಕೆ’ ಎಂಬ ಹೆಸರಿನಲ್ಲಿ ಅದೇ ಒಡೆಯನಿಗೆ ಪುಕ್ಕಟೆ ದುಡಿಮೆ. ಆ ಪರಿಹಾರಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ತೋಟಗಳು ಪಾಳು ಬೀಳಬಾರದೆಂದು ಹಡಗುಗಳು ಕಲ್ಕತ್ತೆಗೆ, ಮದರಾಸಿಗೆ ತಿರುಗಿದವು. ಗಿರ್ಮಿಟ್ ಕರಾರಿನ ಮೇಲೆ ಭಾರತದ ಬಡವರು ಮಾರಿಷಸ್ಸಿಗೆ, ಗಯಾನಾಕ್ಕೆ ಹೋದರು.

ಅದೇ 1833ರ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತ್ತು ಎಂಬುದು ನಮಗೆ ಗೊತ್ತಿರಬೇಕಾದ ಸಂಗತಿ. ಅಂದರೆ ಮಂಗಳೂರು, ಕಾರವಾರಗಳ ಕೆನರಾ ಜಿಲ್ಲೆಯೂ ಹೊರಗೆ. ಈ ಕರಾವಳಿಯಲ್ಲಿ ಗದ್ದೆ ಕೆಲಸಕ್ಕೆ ಕೊಂಡು ಇಟ್ಟುಕೊಂಡ ಆಳುಗಳ ಬಗ್ಗೆ ಫ್ರಾನ್ಸಿಸ್ ಬುಕಾನನ್ 1801ರ ಪ್ರವಾಸದಲ್ಲೇ ಬರೆದಿದ್ದ. ಕಂಪನಿ ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ಇಲ್ಲಿ ಹೇಳಲು 1843ರವರೆಗೆ ಕಾಯಬೇಕಾಯಿತು.

ಜಾಂಜಿಬಾರಿಗೆ ಮರಳೋಣ. 1890ರಲ್ಲಿ ಬ್ರಿಟನ್ ಆ ದ್ವೀಪವನ್ನು ತನ್ನ ಸಂರಕ್ಷಿತ ರಾಜ್ಯ ಮಾಡಿಕೊಂಡಿತು. 1896ರ ಆಗಸ್ಟಿನಲ್ಲಿ, ತನಗೆ ಒಪ್ಪಿಗೆಯಿಲ್ಲದವನು ಸಿಂಹಾಸನ ಏರಿದನೆಂದು ಅರಮನೆಯ ಮೇಲೆ ಫಿರಂಗಿ ಹಾರಿಸಿ, ಒಂದು ಗಂಟೆಯೊಳಗೆ ಯುದ್ಧ ಮುಗಿಸಿತು. ಒಂದು ಗಂಟೆಯಲ್ಲಿ ಸುಲ್ತಾನನನ್ನು ಬದಲಿಸಬಲ್ಲ ಶಕ್ತಿಗೆ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆಯಲು ಏಳು ವರ್ಷ ಬೇಕಾಯಿತು. 1897ರ ಆಜ್ಞೆ ಕೂಡ ತಾನಾಗಿ ಯಾರನ್ನೂ ಬಿಡಿಸಲಿಲ್ಲ. ಗುಲಾಮನೇ ಕೋರ್ಟಿಗೆ ಹೋಗಿ ಬಿಡುಗಡೆ ಕೇಳಬೇಕು. ಸಿಕ್ಕಮೇಲೆ ತನಗೆ ಖಾಯಂ ಮನೆಯೂ ಜೀವನೋಪಾಯವೂ ಇದೆಯೆಂದು ತೋರಿಸಬೇಕು, ಇಲ್ಲದಿದ್ದರೆ ಅಲೆಮಾರಿ ಎಂದು ಘೋಷಿಸಬಹುದು. ಪರಿಹಾರ ಮತ್ತೆ ಒಡೆಯರಿಗೆ. ಅಂತಃಪುರದ ದಾಸಿಯರಿಗೆ ಈ ಆಜ್ಞೆ ಅನ್ವಯಿಸಲಿಲ್ಲ. ಅವರು 1909ರವರೆಗೆ ಕಾಯಬೇಕಾಯಿತು. ಲವಂಗದ ಆದಾಯ ನಿಲ್ಲಬಾರದು, ಅರಬ್ ಒಡೆಯರು ಮುನಿಯಬಾರದು ಎಂಬುದು ವಿಮೋಚಕರ ಚಿಂತೆ. ಓಮಾನಿನಲ್ಲಂತೂ ಸುಲ್ತಾನ ಸಯೀದ್ ಬಿನ್ ತೈಮೂರ್ 1970ರವರೆಗೂ ಅರಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ. ಅವನ ಸೈನ್ಯವನ್ನು ನಡೆಸುತ್ತಿದ್ದವರು ಬ್ರಿಟಿಷ್ ಅಧಿಕಾರಿಗಳು.

ಹೀಗೆ ನೋಡುತ್ತ ಹೋದರೆ ಅರಬ್ ಚರಿತ್ರೆ ಎಲ್ಲಿ ಮುಗಿದು ಬ್ರಿಟಿಷ್ ಚರಿತ್ರೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ಟಿಪ್ಪು ಟಿಪ್ ಎಂದು ಹೆಸರಾದ ಹಮದ್ ಬಿನ್ ಮುಹಮ್ಮದ್ ಒಳನಾಡಿಗೆ ನುಗ್ಗಿ ಆನೆದಂತ ಮತ್ತು ಗುಲಾಮರನ್ನು ತಂದ ದೊಡ್ಡ ವ್ಯಾಪಾರಿ. ಇವನಿಗೂ ನಮ್ಮ ಟಿಪ್ಪುವಿಗೂ ಸಂಬಂಧವಿಲ್ಲ. ಅರಬ್ ಗುಲಾಮ ವ್ಯಾಪಾರದ ಮುಖವೆಂದು ಇವನನ್ನೇ ತೋರಿಸುತ್ತಾರೆ. ಆದರೆ ವೇಲ್ಸ್‌ನಲ್ಲಿ ಹುಟ್ಟಿದ ಪ್ರಸಿದ್ಧ ಅನ್ವೇಷಕ ಸ್ಟ್ಯಾನ್ಲಿ ದಾರಿಯ ರಕ್ಷಣೆಗೆ, ಹಮಾಲರಿಗೆ ಕೈಚಾಚಿದ್ದು ಇವನ ಮುಂದೆ. 1887ರಲ್ಲಿ ಬೆಲ್ಜಿಯಂ ದೊರೆ ಲಿಯೊಪಾಲ್ಡನ ಪರವಾಗಿ ಇವನನ್ನು ಕಾಂಗೋದ ಒಂದು ಪ್ರಾಂತ್ಯದ ಗವರ್ನರ್ ಮಾಡಿದ್ದೂ ಅದೇ ಸ್ಟ್ಯಾನ್ಲಿ. ಟಿಪ್ಪು ಟಿಪ್‌ನ ಯಾತ್ರೆಗಳಿಗೆ ಸಾಲ ಕೊಟ್ಟವನು ಯಾರು? ಗುಜರಾತಿ ಮೂಲದ ಖೋಜಾ ಸಾಹುಕಾರ ತಾರಿಯಾ ತೋಪನ್.

ಇಲ್ಲಿ ನಮ್ಮವರು ಬಂದರು. ಜಾಂಜಿಬಾರಿನ ಸುಂಕವನ್ನು ದಶಕಗಳ ಕಾಲ ಗುತ್ತಿಗೆ ಹಿಡಿದದ್ದು ಕಛ್‌ನ ಭಾಟಿಯಾ ಸಮುದಾಯದ ಜೈರಾಮ್ ಶಿವಜಿಯ ಪೇಢಿ. ದ್ವೀಪಕ್ಕೆ ಇಳಿದ ಪ್ರತಿ ಗುಲಾಮನ ಮೇಲೂ ಸುಂಕವಿತ್ತು. ಸುಲ್ತಾನನೇ ಈ ಪೇಢಿಗೆ ಸಾಲಗಾರ. ತೋಟಗಳು ಭಾರತೀಯರಿಗೆ ಅಡವು. 1860ರ ಹೊತ್ತಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ದ್ವೀಪದ ಭಾರತೀಯರ ಬಳಿ ಇದ್ದ ಸಾವಿರಾರು ಗುಲಾಮರನ್ನು ಬಿಡುಗಡೆ ಮಾಡಿಸಿದಾಗ, ಕೆಲವರು ತಾವು ಬ್ರಿಟಿಷ್ ಪ್ರಜೆಗಳೇ ಅಲ್ಲ, ಕಛ್ ಸಂಸ್ಥಾನದವರು ಎಂದು ತಪ್ಪಿಸಿಕೊಳ್ಳಲು ನೋಡಿದರು. ಹಿಡಿದವನು ಅರಬ, ಕೊಂಡವನು ಅರಬ, ಬಂಡವಾಳ ಹೂಡಿದವನು ಹಿಂದೂ ಅಥವಾ ಖೋಜಾ. ಆನೆದಂತ ಮುಂಬಯಿಯ ಮೂಲಕ ಲಂಡನ್ನಿಗೆ ಹೋಗಿ ಪಿಯಾನೋದ ಬಿಳಿ ಮನೆಯಾಯಿತು, ಬಿಲಿಯರ್ಡ್ಸ್ ಚೆಂಡಾಯಿತು. ಕಿರ್ದಿ ಪುಸ್ತಕ ಒಂದೇ, ಅದರ ಬೇರೆಬೇರೆ ಪುಟಗಳಲ್ಲಿ ಬೇರೆಬೇರೆ ಲಿಪಿ. ‘ಅರಬರೋ ಬ್ರಿಟಿಷರೋ’ ಎಂಬ ಪ್ರಶ್ನೆ ನಮಗೆ ಇಷ್ಟವಾಗುವುದು ಅದು ನಮ್ಮನ್ನು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸುವುದರಿಂದ. ಆ ಪುಸ್ತಕ ತೆರೆದರೆ ಕುರ್ಚಿ ಬಿಟ್ಟು ಏಳಬೇಕಾಗುತ್ತದೆ.

ಇದೆಲ್ಲ ಹಳೆಯ ಕಥೆ, ಕೆದಕಿ ಏನು ಪ್ರಯೋಜನ ಎನ್ನುವವರು 1964ನ್ನು ನೆನಪಿಸಿಕೊಳ್ಳಬೇಕು. 1963ರ ಡಿಸೆಂಬರಿನಲ್ಲಿ ಬ್ರಿಟಿಷರು ಜಾಂಜಿಬಾರಿಗೆ ಸ್ವಾತಂತ್ರ್ಯ ಕೊಟ್ಟು ಹೋದರು. ದಶಕಗಳ ಕಾಲ ಆ ದ್ವೀಪವನ್ನು ಅರಬ್ ರಾಜ್ಯವೆಂದೇ ನಡೆಸಿ, ಸುಲ್ತಾನನನ್ನು ಮೇಲೆ ಕೂರಿಸಿ, ಜನರನ್ನು ಅರಬ, ಭಾರತೀಯ, ಆಫ್ರಿಕನ್ ಎಂದು ಬೇರೆಬೇರೆ ಡಬ್ಬಗಳಲ್ಲಿ ತುಂಬಿದ್ದರು. ಚುನಾವಣೆಯ ಭಾಷಣಗಳಲ್ಲಿ ಗುಲಾಮಗಿರಿಯ ನೆನಪು ಆಯುಧವಾಗಿತ್ತು. ತಿಂಗಳು ಕಳೆದ ಬೆನ್ನಲ್ಲೇ, 1964ರ ಜನವರಿ 12ರಂದು ಕ್ರಾಂತಿಯಾಯಿತು. ಸಾವಿರಾರು ಅರಬರು ಕೊಲೆಯಾದರು, ಭಾರತೀಯರೂ ಸತ್ತರು. ಸತ್ತವರಲ್ಲಿ ಓಮಾನಿನಿಂದ ಈಚೆಗೆ ಹೊಟ್ಟೆಪಾಡಿಗೆ ಬಂದು ಹಳ್ಳಿಗಳಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದವರೂ ಇದ್ದರು. ಗುಲಾಮರನ್ನು ಕೊಂಡ ಕುಟುಂಬಗಳಿಗೂ ಅವರಿಗೂ ಇದ್ದ ಸಂಬಂಧ ಭಾಷೆಯೊಂದೇ. ಇತಿಹಾಸದ ಅಪರಾಧವನ್ನು ಒಂದು ವ್ಯವಸ್ಥೆಯ ಮೇಲೆ ಹೊರಿಸದೆ ಒಂದು ಜನಾಂಗದ ಮೇಲೆ ಹೊರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಇವತ್ತು ನಮ್ಮ ಮೊಬೈಲುಗಳಲ್ಲಿ ಅರಬ್ ಗುಲಾಮಗಿರಿಯ ಅಂಕಿಗಳನ್ನು ಹಂಚುವವರ ಕಣ್ಣು ಜಾಂಜಿಬಾರಿನ ಮೇಲಿಲ್ಲ, ಪಕ್ಕದ ಬೀದಿಯ ಮುಸ್ಲಿಮನ ಮೇಲಿದೆ. ಅದನ್ನು ಎದುರಿಸಲು ಅರಬ್ ಗುಲಾಮಗಿರಿ ಇರಲೇ ಇಲ್ಲ ಅಥವಾ ಹಿತವಾಗಿತ್ತು ಎನ್ನುವವರು ಸುಳ್ಳಿಗೆ ಸುಳ್ಳನ್ನೇ ಮದ್ದು ಮಾಡುತ್ತಾರೆ.

ಹಾಗಾದರೆ ಹೋಲಿಕೆ ಹೇಗಿರಬೇಕು? ಒಂದು ಸಣ್ಣ ಮಾದರಿ ಕೊಡುತ್ತೇನೆ. ‘ಗುಲಾಮ’ ಎಂಬ ಶಬ್ದ ಅರಬ್ಬಿಯದು. ಮೂಲದಲ್ಲಿ ಹುಡುಗ ಎಂದರ್ಥ. ಬ್ರಿಟಿಷರ ಬಂಗಲೆಗಳಲ್ಲಿ ತಲೆ ನರೆತ ಸೇವಕನನ್ನೂ ‘ಬಾಯ್’ ಎಂದೇ ಕೂಗುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಒಡೆಯರ ಮನೆಯ ಹತ್ತು ವರ್ಷದ ಮಗು ಅರವತ್ತು ವರ್ಷದ ಆಳನ್ನು ಏಕವಚನದಲ್ಲಿ ಕರೆಯುತ್ತಿತ್ತು. ಮೂರು ಭಾಷೆ, ಮೂರು ಸಮಾಜ. ದುಡಿಯುವವನನ್ನು ಎಂದಿಗೂ ದೊಡ್ಡವನಾಗಲು ಬಿಡಬಾರದು ಎಂಬ ಜಾಣತನ ಒಂದೇ. ಈ ಹೋಲಿಕೆ ಯಾರನ್ನೂ ಖುಲಾಸೆ ಮಾಡುವುದಿಲ್ಲ. ಮೂವರನ್ನೂ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಯಾರು ಎಷ್ಟು ಕೆಟ್ಟವರು ಎಂಬುದರ ಬದಲು ಬಂಡವಾಳ ಯಾರದು, ಹುಟ್ಟಿದ ಮಗು ಯಾರ ಪಾಲು, ಬಿಡುಗಡೆಯ ದಿನ ಹಣ ಯಾರ ಕೈಗೆ ಹೋಯಿತು ಎಂದು ಕೇಳಿದರೆ, ವಿದ್ಯಾರ್ಥಿಗಳಿಗೆ ಓದಲು ನಿಜವಾದ ಇತಿಹಾಸ ಸಿಗುತ್ತದೆ.

ಆಫ್ರಿಕಾದಿಂದ ಹಿಡಿದು ತಂದವರ ಸಂತತಿ ನಮ್ಮ ನಡುವೆಯೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಜರಲ್ಲಿ ಹೆಚ್ಚಿನವರು ಪೋರ್ಚುಗೀಸರ ಗೋವಾದ ಮೂಲಕ ಬಂದವರು, ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಅವರು ಕನ್ನಡವನ್ನೂ ಕೊಂಕಣಿಯನ್ನೂ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಅರಬರೋ ಬ್ರಿಟಿಷರೋ ಎಂಬ ನಮ್ಮ ಪಂದ್ಯದ ಯಾವ ಪಕ್ಷಕ್ಕೂ ಅವರ ಚರಿತ್ರೆ ಸರಿಹೊಂದುವುದಿಲ್ಲ. ನಿಮ್ಮವರನ್ನು ಹಿಡಿದು ಮಾರಿದವರಲ್ಲಿ ಯಾರು ಸ್ವಲ್ಪ ಒಳ್ಳೆಯವರು ಎಂದು ಅವರಲ್ಲೊಬ್ಬರ ಎದುರು ನಿಂತು ಕೇಳಲು ನಮಗೆ ಬಾಯಿ ಬರುತ್ತದೆಯೇ? ಬಾರದಿದ್ದರೆ, ಅದೇ ಪ್ರಶ್ನೆಯನ್ನು ಅವರ ಬೆನ್ನ ಹಿಂದೆ ಚರ್ಚಾಸ್ಪರ್ಧೆಯ ವಿಷಯ ಮಾಡಿಕೊಳ್ಳುವುದನ್ನೂ ನಿಲ್ಲಿಸೋಣ.